ಅಯಸ್ಕಾಂತ ಚಿಕಿತ್ಸೆ: ಮನೆಯಲ್ಲೋ, ತಜ್ಞರ ಕೋಣೆಯಲ್ಲೋ?

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಹರಾಜು ಮುಗಿಯುವ ಹೊತ್ತಿಗೆ ಕೆ.ಆರ್. ನಗರದ ಬಯಲಿನ ಭತ್ತ ಮನೆ ಸೇರಿರುತ್ತದೆ, ಎಚ್.ಡಿ. ಕೋಟೆಯಲ್ಲಿ ಹತ್ತಿ ಬಿಡಿಸುವ ಕೆಲಸವೂ ಒಂದು ಹಂತಕ್ಕೆ ಬಂದಿರುತ್ತದೆ. ಶ್ರೀಮಠಕ್ಕೆ ಬರುವ ಸದ್ಭಕ್ತರ ಸಂಖ್ಯೆ ಹೆಚ್ಚುವುದು ಆಗಲೇ. ದಾಸೋಹ ಮನೆಯ ಪಡಸಾಲೆಯಲ್ಲಿ ಪ್ರಸಾದ ಮುಗಿಸಿ ಕುಳಿತವರ ಮಾತು ಬೆಳೆ, ಬೆಲೆ, ಮಕ್ಕಳ ಮದುವೆಗಳನ್ನೆಲ್ಲ ಸುತ್ತಿ ಕೊನೆಗೆ ಬಂದು ನಿಲ್ಲುವುದು ಮಂಡಿನೋವು, ಸೊಂಟನೋವಿನ ಮೇಲೆ. ಅದು ಸಹಜವೇ. ಬ್ಯಾರನ್ನಿನೊಳಗೆ ಅಡ್ಡಮರಗಳ ಮೇಲೆ ಕಾಲು ಅಗಲಿಸಿ ನಿಂತು ಸೊಪ್ಪಿನ ಕಡ್ಡಿಗಳನ್ನು ಮೇಲೇರಿಸಿದವರು, ರಾತ್ರಿಯಿಡೀ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಸೌದೆ ತಳ್ಳಿದವರು, ನಾಟಿ ಗದ್ದೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬೆನ್ನು ಬಾಗಿಸಿದವರು, ಶುಂಠಿಯ ಮೂಟೆ ಹೊತ್ತವರು ಇವರೆಲ್ಲ. ಕಾಯಕ ಮಾಡಿದ ದೇಹ ಐವತ್ತು ದಾಟಿದ ಮೇಲೆ ಲೆಕ್ಕ ಕೇಳುತ್ತದೆ.

ಆ ಲೆಕ್ಕ ತೀರಿಸಲು ಈಚಿನ ವರ್ಷಗಳಲ್ಲಿ ಅಯಸ್ಕಾಂತವೂ ಮನೆಮನೆಗೆ ಬಂದಿದೆ. ಮಂಡಿಗೆ ಕಟ್ಟುವ ಪಟ್ಟಿ, ಸೊಂಟದ ಬೆಲ್ಟು, ಮುಂಗೈಯ ಬಳೆ, ಪಾದರಕ್ಷೆಯೊಳಗಿನ ಹಾಳೆ, ಮೇಲೆ ನಿಲ್ಲುವ ಮುಳ್ಳುಮುಳ್ಳಾದ ಮಣೆ, ನೀರು ತುಂಬಿಡುವ ಜಗ್ಗು, ಕೊನೆಗೆ ಲಕ್ಷ ರೂಪಾಯಿಯ ಮಾತಾಡುವ ಹಾಸಿಗೆ. ಶಿವದಾರದ ಜೊತೆಯಲ್ಲಿಯೇ ಅಯಸ್ಕಾಂತದ ಮಾಲೆಯನ್ನು ಧರಿಸಿದವರನ್ನೂ ನಾವು ಕಂಡಿದ್ದೇವೆ. ಇವೆಲ್ಲ ಮನೆಯಲ್ಲಿ ತಾವೇ ಮಾಡಿಕೊಳ್ಳುವವು. ಇನ್ನು ಪಟ್ಟಣದಲ್ಲಿ ಬೋರ್ಡು ಹಾಕಿ, ಇಷ್ಟು ಸಲ ಬರಬೇಕು, ಒಂದು ಸಲಕ್ಕೆ ಇಷ್ಟು ಎಂದು ಚಿಕಿತ್ಸೆ ಕೊಡುವ ಕೋಣೆಗಳು ಬೇರೆ. ಎರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆ ಈ ಅಂಕಣಕ್ಕೆ ಮತ್ತೆ ಮತ್ತೆ ಬರುತ್ತಿದೆ. ಉತ್ತರಿಸುವ ಮುನ್ನ ನಾವೇ ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳಬೇಕು. ಈ ಬರಹಕ್ಕೆ ಕಾರಣವೇ ಅದು.

ಪಿರಿಯಾಪಟ್ಟಣದ ಕಡೆಯ ಹಿರಿಯ ತಾಯಿಯೊಬ್ಬರು ಮಂಡಿನೋವಿಗೆಂದು ಮೊದಲು ಮನೆಯಲ್ಲಿ ಅಯಸ್ಕಾಂತದ ಪಟ್ಟಿ ಕಟ್ಟಿಕೊಂಡರು. ಅಷ್ಟಕ್ಕೆ ಸಮಾಧಾನವಾಗದೆ ಮಗ ಅವರನ್ನು ಪಟ್ಟಣದ ಒಂದು ಚಿಕಿತ್ಸಾ ಕೋಣೆಗೆ ಕರೆದೊಯ್ದ. ಹತ್ತು ದಿನ ಕೂರಿಸಿ ಮಂಡಿಯ ಎರಡೂ ಬದಿಗೆ ಅಯಸ್ಕಾಂತವಿಟ್ಟರು. ಕೊನೆಯ ದಿನ ಮನೆಯಲ್ಲಿ ಮುಂದುವರಿಸಲು ಅಯಸ್ಕಾಂತ ಹುದುಗಿಸಿದ ಮುಳ್ಳುಮಣೆಯೊಂದನ್ನು ಕೊಟ್ಟು ಅದರ ಹಣವನ್ನೂ ಪಡೆದರು. ತಾಯಿ ದಿನವೂ ಬೆಳಿಗ್ಗೆ ಅದರ ಮೇಲೆ ಬರಿಗಾಲಿನಲ್ಲಿ ನಿಲ್ಲುತ್ತಿದ್ದರು. ಮಠದಲ್ಲಿ ಭೇಟಿಯಾದಾಗ ಅವರು ನಮಗೆ ಸಂತೋಷದಿಂದಲೇ ಹೇಳಿದರು: "ಮೊದಮೊದಲು ಚುಚ್ತಿತ್ತು ಕಣಪ್ಪ, ಕಾಲಿಡೋಕೇ ಆಯ್ತಿರಲಿಲ್ಲ. ಈಗ ಚುಚ್ಚೋದೇ ಗೊತ್ತಾಗಲ್ಲ. ವಾಸಿ ಆಯ್ತಾ ಅದೆ."

ನಮ್ಮೊಡನಿದ್ದ ವೈದ್ಯರು ನಗಲಿಲ್ಲ. "ಅವ್ವಾ, ಕಾಲು ತೋರಿಸಿ" ಎಂದು ನೆಲದ ಮೇಲೆಯೇ ಕುಳಿತು ಅವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡರು. ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ, ಎಂಟಾಣೆಯಷ್ಟಗಲದ ಹುಣ್ಣು ಇತ್ತು. ಅದು ಅಲ್ಲಿರುವುದು ಆ ತಾಯಿಗೆ ಗೊತ್ತಿರಲಿಲ್ಲ. ಮುಳ್ಳು ಚುಚ್ಚುವುದು ತಿಳಿಯದೇ ಹೋದದ್ದು ನೋವು ವಾಸಿಯಾದ ಕಾರಣದಿಂದಲ್ಲ. ಪಾದದ ನರಗಳು ಸ್ಪರ್ಶವನ್ನೇ ಮರೆತಿದ್ದವು. ಮರುದಿನ ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದಾಗ ಸಕ್ಕರೆ ಕಾಯಿಲೆ ಎಂದು ತಿಳಿಯಿತು. ಬಹುಶಃ ಅದು ವರ್ಷಗಳಿಂದಲೂ ಇದ್ದದ್ದೇ. ಹತ್ತು ದಿನ ಅವರ ಮಂಡಿಯನ್ನು ಮುಟ್ಟಿದ ಕೋಣೆಯಲ್ಲಿ ಒಬ್ಬರೂ ಅವರ ರಕ್ತವನ್ನು ಪರೀಕ್ಷಿಸಿರಲಿಲ್ಲ, ಅಂಗಾಲನ್ನು ತಿರುಗಿಸಿ ನೋಡಿರಲಿಲ್ಲ.

ಈ ಸಂಗತಿಯಲ್ಲಿ ಅಯಸ್ಕಾಂತ ಯಾವ ಕೇಡನ್ನೂ ಮಾಡಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಯಾವ ಒಳಿತನ್ನೂ ಮಾಡಲಿಲ್ಲ ಎಂಬುದು ಮುಂದಿನ ಮಾತು.

ಸೂಜಿಗಲ್ಲಿನ ಗುಣವೇನು, ಮಿತಿಯೇನು

ನಮ್ಮ ಹಿರಿಯರು ಅಯಸ್ಕಾಂತವನ್ನು ಸೂಜಿಗಲ್ಲು ಎಂದೇ ಕರೆದರು. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟವನ್ನು ಹತ್ತಿ ಬಲ್ಲ ಭಕ್ತರಿಗೆ ಒಂದು ಸಂಗತಿ ಹೇಳಲು ನಮಗೆ ಸಂತೋಷ: ಭೂಮಿಯಲ್ಲಿ ತಾನಾಗಿ ದೊರೆಯುವ ಸೂಜಿಗಲ್ಲು ತನ್ನ ಸೆಳೆತವನ್ನು ಪಡೆದದ್ದು ಸಿಡಿಲಿನಿಂದ ಎಂಬ ವಿವರಣೆಯನ್ನು ಭೂವಿಜ್ಞಾನಿಗಳು ಮುಂದಿಡುತ್ತಾರೆ. ಸಿಡಿಲಿನ ಅಗಾಧ ವಿದ್ಯುತ್ತು ಕಬ್ಬಿಣದ ಅದಿರಿನೊಳಗೆ ಹಾದಾಗ ಕಲ್ಲು ಕಾಂತಗುಣವನ್ನು ಪಡೆಯುತ್ತದೆ. ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಇರುವ ಈ ನಂಟನ್ನು ನೆನಪಿನಲ್ಲಿಡಿ; ಮುಂದೆ ಬೇಕಾಗುತ್ತದೆ.

ಮಾರುವವರು ಮೊದಲು ಹೇಳುವ ಮಾತು, "ರಕ್ತದಲ್ಲಿ ಕಬ್ಬಿಣವಿದೆ, ಅಯಸ್ಕಾಂತ ಕಬ್ಬಿಣವನ್ನು ಸೆಳೆಯುತ್ತದೆ, ಆದ್ದರಿಂದ ರಕ್ತ ಸಂಚಾರ ಹೆಚ್ಚುತ್ತದೆ" ಎಂಬುದು. ಮೊದಲ ಭಾಗ ನಿಜ. ವಯಸ್ಕರ ದೇಹದಲ್ಲಿ ಸುಮಾರು 4 ಗ್ರಾಂ ಕಬ್ಬಿಣವಿರುತ್ತದೆ, ಅದರ ಹೆಚ್ಚು ಪಾಲು ರಕ್ತದ ಹಿಮೋಗ್ಲೋಬಿನ್ನಿನಲ್ಲಿ. ಆದರೆ ಅದು ಕುಡುಗೋಲಿನ ಕಬ್ಬಿಣದಂತೆ ಲೋಹರೂಪದಲ್ಲಿಲ್ಲ. ಒಂದೊಂದು ಕಣವೂ ಬಿಡಿಬಿಡಿಯಾಗಿ ಬೇರೆ ಪರಮಾಣುಗಳ ನಡುವೆ ಬಂಧಿಯಾಗಿದೆ. 1936ರಲ್ಲಿ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೋರಿಯೆಲ್ ಎಂಬ ಅಮೆರಿಕದ ವಿಜ್ಞಾನಿಗಳು ಇದನ್ನು ಅಳೆದು ನೋಡಿದರು. ಆಮ್ಲಜನಕ ತುಂಬಿದ ಹಿಮೋಗ್ಲೋಬಿನ್ ಅಯಸ್ಕಾಂತದ ಕಡೆಗೆ ಬರುವ ಬದಲು ಅದರಿಂದ ಅತ್ಯಲ್ಪ ದೂರ ಸರಿಯುವ ಗುಣದ್ದು. ಆಮ್ಲಜನಕ ಕಳೆದುಕೊಂಡದ್ದು ಅತ್ಯಲ್ಪವಾಗಿ ಸೆಳೆಯಲ್ಪಡುವಂಥದ್ದು. ಹೃದಯ ರಕ್ತವನ್ನು ದೂಡುವ ಬಲದೆದುರು ಇವೆರಡೂ ಲೆಕ್ಕಕ್ಕೆ ಬರುವುದಿಲ್ಲ. ಮೈಸೂರಿನಲ್ಲಿ ಎಂ.ಆರ್.ಐ. ಮಾಡಿಸಿಕೊಂಡು ಬಂದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಆ ಯಂತ್ರದ ಬಲ ಸಾಮಾನ್ಯವಾಗಿ 1.5 ಟೆಸ್ಲಾ, ಎಂದರೆ 15,000 ಗಾಸ್. ರೆಫ್ರಿಜರೇಟರಿನ ಬಾಗಿಲಿಗೆ ಅಂಟಿಸುವ ಗೊಂಬೆಯ ಅಯಸ್ಕಾಂತದ ಬಲ ಸುಮಾರು 50 ಗಾಸ್. ಅಯಸ್ಕಾಂತ ರಕ್ತವನ್ನು ಸೆಳೆಯುವುದು ನಿಜವಾಗಿದ್ದರೆ, ಎಂ.ಆರ್.ಐ. ಯಂತ್ರದೊಳಗೆ ಅರ್ಧ ಗಂಟೆ ಮಲಗಿದವರು ಎದ್ದು ಬರುವುದೇ ಕಷ್ಟವಾಗುತ್ತಿತ್ತು.

ಇನ್ನೊಂದು ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಮಂಡಿಪಟ್ಟಿಯ ಅಯಸ್ಕಾಂತದ ಕೆಳಗೆ ಒಂದು ಗುಂಡುಸೂಜಿ ಅಂಟಿಸಿ. ನಡುವೆ ಮಡಿಸಿದ ಬಟ್ಟೆಯನ್ನು ಪದರ ಪದರವಾಗಿ ಸೇರಿಸುತ್ತ ಹೋಗಿ. ಎಷ್ಟು ದಪ್ಪಕ್ಕೆ ಸೂಜಿ ಕಳಚಿ ಬೀಳುತ್ತದೆಯೋ ಅಷ್ಟು ದೂರದಲ್ಲಿ ಆ ಅಯಸ್ಕಾಂತಕ್ಕೆ ಒಂದು ಗುಂಡುಸೂಜಿಯನ್ನು ಹಿಡಿಯುವ ಶಕ್ತಿಯೂ ಉಳಿದಿಲ್ಲ ಎಂದರ್ಥ. ಮಂಡಿಯ ಕೀಲು ಇರುವುದು ಪಟ್ಟಿಯ ಬಟ್ಟೆ, ಚರ್ಮ, ಕೊಬ್ಬು, ಚಿಪ್ಪುಮೂಳೆ ಇಷ್ಟೆಲ್ಲ ದಾಟಿದ ಮೇಲೆ. ಡಬ್ಬಿಯ ಮೇಲೆ ಬರೆದ ಗಾಸ್ ಸಂಖ್ಯೆ ಅಯಸ್ಕಾಂತದ ಮೈಗೆ ತಾಗಿಸಿ ಅಳೆದದ್ದೇ ಹೊರತು ನಿಮ್ಮ ಕೀಲಿನೊಳಗೆ ಅಳೆದದ್ದಲ್ಲ. ಅಯಸ್ಕಾಂತದ ನೀರಿನ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇವೆ: ನೀರು ಕಾಂತಗುಣವನ್ನು ಹಿಡಿದಿಟ್ಟುಕೊಳ್ಳುವ ವಸ್ತುವಲ್ಲ. ಜಗ್ಗಿನ ಹಣದಲ್ಲಿ ನೀರು ಕುದಿಸಿ ಆರಿಸಿ ಕುಡಿಯಲು ವರ್ಷಕ್ಕೆ ಬೇಕಾದಷ್ಟು ಗ್ಯಾಸು ಬರುತ್ತದೆ.

ಹಾಗೆಂದು ಅಯಸ್ಕಾಂತಕ್ಕೆ ವೈದ್ಯದಲ್ಲಿ ಸ್ಥಾನವೇ ಇಲ್ಲವೆಂದಲ್ಲ. ಕಣ್ಣಿಗೆ ಸಿಡಿದ ಕಬ್ಬಿಣದ ಚೂರನ್ನು ಅಯಸ್ಕಾಂತದಿಂದ ತೆಗೆಯುವುದು ಹಳೆಯ, ನಂಬಿಕೆಯ ವಿಧಾನ. ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೋಗುವ ರೈತರಿಗೆ ಇನ್ನೊಂದು ಉದಾಹರಣೆ ರುಚಿಸಬಹುದು. ಮೇವಿನ ಜೊತೆ ತಂತಿ, ಮೊಳೆ ನುಂಗಿದ ಹಸುವಿಗೆ ಅದು ಹೊಟ್ಟೆಯ ಗೋಡೆಯನ್ನು ಚುಚ್ಚಿ ಹೃದಯದವರೆಗೂ ಹೋಗಬಾರದೆಂದು ಪಶುವೈದ್ಯರು ಬೆರಳುದ್ದದ ಅಯಸ್ಕಾಂತವನ್ನು ನುಂಗಿಸುವುದುಂಟು. ಅದು ಹೊಟ್ಟೆಯಲ್ಲಿಯೇ ಉಳಿದು ಕಬ್ಬಿಣದ ಚೂರುಗಳನ್ನು ತನ್ನ ಮೈಗೆ ಅಂಟಿಸಿಕೊಂಡು ಕೂರುತ್ತದೆ. ಕಬ್ಬಿಣ ಲೋಹವಾಗಿಯೇ ಇರುವಲ್ಲಿ ಅಯಸ್ಕಾಂತ ತನ್ನ ಕೆಲಸವನ್ನು ಮಾಡಿಯೇ ಮಾಡುತ್ತದೆ.

"ನನಗೆ ಕಡಿಮೆಯಾಗಿದೆಯಲ್ಲ!"

ಪಟ್ಟಿ ಕಟ್ಟಿಕೊಂಡು ನೋವು ಇಳಿಯಿತೆನ್ನುವವರು ಸುಳ್ಳು ಹೇಳುತ್ತಿಲ್ಲ. ಅವರ ಮಾತನ್ನು ಹಗುರವಾಗಿ ಕಾಣುವುದು ತಪ್ಪು. ಅದಕ್ಕೆ ಹಲವು ಕಾರಣಗಳಿವೆ. ಬಿಗಿಯಾದ ಪಟ್ಟಿ ಕೀಲಿಗೆ ಆಸರೆ ಕೊಡುತ್ತದೆ, ಬೆಚ್ಚಗಿಡುತ್ತದೆ. ಅಯಸ್ಕಾಂತ ಕಿತ್ತು ಹಾಕಿದರೂ ಆ ಸುಖ ಉಳಿಯುತ್ತದೆ. ಮಂಡಿ ಸವೆತದ ನೋವು ಸದಾ ಏರಿಳಿಯುವಂಥದ್ದು. ನಾವು ಔಷಧ ಕೊಳ್ಳಲು ಹೋಗುವುದು ನೋವು ನೆತ್ತಿಗೇರಿದ ದಿನ. ಅದರ ಮರುದಿನಗಳಲ್ಲಿ ಏನು ಮಾಡಿದರೂ, ಏನೂ ಮಾಡದಿದ್ದರೂ, ಸ್ವಲ್ಪ ಇಳಿಯಲೇಬೇಕು. ಇವೆರಡಕ್ಕಿಂತ ದೊಡ್ಡದು ನಂಬಿಕೆ.

ನಂಬಿಕೆಯ ಬಲವನ್ನು ಅಳೆದ ಕಥೆ ಇನ್ನೂರು ವರ್ಷ ಹಳೆಯದು. ಅಮೆರಿಕದ ಎಲಿಷಾ ಪರ್ಕಿನ್ಸ್ ಎಂಬ ವೈದ್ಯ 1796ರಲ್ಲಿ ಒಂದು ಜೊತೆ ಲೋಹದ ಕಡ್ಡಿಗಳಿಗೆ ಪೇಟೆಂಟ್ ಪಡೆದ. ಅವುಗಳಿಂದ ನೋವಿರುವ ಕಡೆ ಮೆಲ್ಲನೆ ಎಳೆದರೆ ವಾತ, ಬಾವು, ನೋವುಗಳೆಲ್ಲ ಹೋಗುವುವೆಂಬ ಮಾತು ಅಟ್ಲಾಂಟಿಕ್ ಸಾಗರವನ್ನು ದಾಟಿ ಇಂಗ್ಲೆಂಡಿನವರೆಗೂ ಹಬ್ಬಿತು. ಅಲ್ಲಿನ ಬಾತ್ ನಗರದಲ್ಲಿ ಜಾನ್ ಹೇಗಾರ್ತ್ ಎಂಬ ವೈದ್ಯರು 1799ರಲ್ಲಿ ಮರದ ಕಡ್ಡಿಗಳನ್ನು ಮಾಡಿಸಿ, ಲೋಹದ್ದೇ ಎಂದು ತೋರುವಂತೆ ಬಣ್ಣ ಹಚ್ಚಿಸಿ, ಐವರು ರೋಗಿಗಳ ಮೇಲೆ ಎಳೆದರು. ನಾಲ್ವರು ಗುಣ ಕಂಡಿತೆಂದರು. ಮರುದಿನ ನಿಜವಾದ ಕಡ್ಡಿಗಳಿಂದ ಎಳೆದಾಗಲೂ ಫಲ ಹೆಚ್ಚುಕಡಿಮೆ ಅದೇ ಆಗಿತ್ತು. ಇದಕ್ಕೂ ಮುಂಚೆ 1784ರಲ್ಲಿ ಪ್ಯಾರಿಸ್ಸಿನಲ್ಲಿ ಮೆಸ್ಮರ್ ಎಂಬುವನ "ಜೀವಕಾಂತ" ಚಿಕಿತ್ಸೆಯನ್ನು ಪರೀಕ್ಷಿಸಲು ಫ್ರಾನ್ಸಿನ ಅರಸು ನೇಮಿಸಿದ ಸಮಿತಿಯೂ ಇಂಥದೇ ತೀರ್ಮಾನಕ್ಕೆ ಬಂದಿತ್ತು. ಮಿಂಚಿನ ಗುಟ್ಟು ತಿಳಿದಿದ್ದ ಬೆಂಜಮಿನ್ ಫ್ರಾಂಕ್ಲಿನ್ ಆ ಸಮಿತಿಯಲ್ಲಿದ್ದರು.

ನಮ್ಮ ಕಾಲದ ಪರೀಕ್ಷೆಗಳು ಇನ್ನೂ ಕಟ್ಟುನಿಟ್ಟಾದವು. 2003ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನವರು ಹಿಮ್ಮಡಿ ನೋವಿನ 101 ಮಂದಿಗೆ ಪಾದರಕ್ಷೆಯ ಹಾಳೆಗಳನ್ನು ಕೊಟ್ಟರು. ಕೆಲವರದ್ದರಲ್ಲಿ ನಿಜವಾದ ಅಯಸ್ಕಾಂತ, ಉಳಿದವರದ್ದರಲ್ಲಿ ಹೆಸರಿಗೆ ಮಾತ್ರ. 8 ವಾರಗಳ ನಂತರ ಎರಡೂ ಗುಂಪಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಜನ ಬಹಳಮಟ್ಟಿಗೆ ಗುಣವಾಯಿತೆಂದರು. 2004ರಲ್ಲಿ ಇಂಗ್ಲೆಂಡಿನಲ್ಲಿ ಮಂಡಿ ಮತ್ತು ಸೊಂಟದ ಕೀಲು ಸವೆತದ 194 ಮಂದಿಗೆ ಬಳೆ ತೊಡಿಸಿ ನೋಡಿದಾಗ ನಿಜವಾದ ಅಯಸ್ಕಾಂತ ತೊಟ್ಟವರಲ್ಲಿ ನೋವು ತುಸು ಹೆಚ್ಚು ಇಳಿದದ್ದು ಕಂಡಿತು. ಆದರೆ ಅದು ಅಯಸ್ಕಾಂತದ ಫಲವೋ ನಂಬಿಕೆಯ ಫಲವೋ ಖಚಿತವಾಗಿ ಹೇಳಲಾಗದೆಂದು ಪರೀಕ್ಷೆ ನಡೆಸಿದವರೇ ಒಪ್ಪಿಕೊಂಡರು. ಬಳೆ ಬೀಗದ ಕೈಗೆ ಅಂಟಿದ ಕೂಡಲೇ ತೊಟ್ಟವರಿಗೆ ಗುಟ್ಟು ತಿಳಿದುಬಿಡುತ್ತದೆಯಲ್ಲ! ಇಂಥ ಹಲವು ಪರೀಕ್ಷೆಗಳನ್ನು ಒಟ್ಟಿಗಿಟ್ಟು ತೂಗಿದ 2007ರ ಒಂದು ವಿಮರ್ಶೆ, ನೋವಿಗೆ ಅಯಸ್ಕಾಂತವನ್ನು ಶಿಫಾರಸು ಮಾಡಲು ಆಧಾರವಿಲ್ಲವೆಂದಿತು. ಕೀಲು ಸವೆತದ ವಿಷಯದಲ್ಲಿ ಮಾತ್ರ ಪೂರ್ತಿ ತಳ್ಳಿಹಾಕುವಷ್ಟು ಆಧಾರವೂ ಇಲ್ಲವೆಂದು ಸೇರಿಸಿತು. ನಮ್ಮ ನಿಲುವೂ ಅಷ್ಟೇ: ನೂರಿನ್ನೂರು ರೂಪಾಯಿಯ ಪಟ್ಟಿಯಿಂದ ನೆಮ್ಮದಿ ಕಂಡವರು ಅದನ್ನು ಬಿಸಾಡಬೇಕಿಲ್ಲ. ಸಾಲ ಮಾಡಿ ಹಾಸಿಗೆ ಕೊಳ್ಳಬೇಡಿ.

ತಜ್ಞರ ಕೋಣೆ ಎಂದರೆ ಯಾವ ಕೋಣೆ

ಇಲ್ಲಿ ಮೂರು ಬೇರೆ ಬೇರೆ ಕೋಣೆಗಳಿವೆ. ಹೊರಗಿನ ಬೋರ್ಡಿನಲ್ಲಿ ಮೂರಕ್ಕೂ "ಮ್ಯಾಗ್ನೆಟಿಕ್" ಎಂಬ ಪದವಿರಬಹುದು.

ಮೊದಲನೆಯದು ಪ್ರಕೃತಿ ಚಿಕಿತ್ಸೆಯ ಕೋಣೆ. ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಪ್ರಕೃತಿ ಚಿಕಿತ್ಸಾ ಕಾಲೇಜಿನಲ್ಲಿ, ಮೈಸೂರಿನ ಸರ್ಕಾರಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ಕಾಲೇಜಿನಲ್ಲಿ ಐದೂವರೆ ವರ್ಷ ಓದಿ ಬಿ.ಎನ್.ವೈ.ಎಸ್. ಪದವಿ ಪಡೆದ ವೈದ್ಯರಿದ್ದಾರೆ. ಅವರು ಕಲಿಯುವ ಹಲವು ವಿಧಾನಗಳಲ್ಲಿ ಅಯಸ್ಕಾಂತವೂ ಒಂದು. ಅವರ ಮೇಜಿನ ಮೇಲಿನ ಅಯಸ್ಕಾಂತ ಅಂಗಡಿಯಲ್ಲಿ ಸಿಗುವುದಕ್ಕಿಂತ ದೊಡ್ಡದಿರಬಹುದು, ಗುಣ ಬೇರೆಯಲ್ಲ. ಮೇಲೆ ಹೇಳಿದ ಮಿತಿಗಳೆಲ್ಲ ಅದಕ್ಕೂ ಅನ್ವಯಿಸುತ್ತವೆ. ಆದರೂ ಓದಿದ ವೈದ್ಯರ ಬಳಿ ಹೋಗುವುದಕ್ಕೆ ಬೆಲೆಯಿದೆ. ಅವರು ಅಯಸ್ಕಾಂತ ಕೈಗೆತ್ತಿಕೊಳ್ಳುವ ಮುನ್ನ ನಿಮ್ಮನ್ನು ನೋಡುತ್ತಾರೆ. ನೋವು ಎಂದಿನಿಂದ, ರಾತ್ರಿ ಎಚ್ಚರಿಸುತ್ತದೆಯೇ, ಜ್ವರ ಬರುತ್ತದೆಯೇ, ತೂಕ ಇಳಿದಿದೆಯೇ, ಕಾಲು ಜೋಮು ಹಿಡಿಯುತ್ತದೆಯೇ ಎಂದು ಕೇಳುತ್ತಾರೆ, ರಕ್ತದೊತ್ತಡ ಅಳೆಯುತ್ತಾರೆ, ಸಕ್ಕರೆ ಪರೀಕ್ಷಿಸಿಕೊಂಡು ಬನ್ನಿ ಎನ್ನುತ್ತಾರೆ, ಆಹಾರ, ತೂಕ, ವ್ಯಾಯಾಮದ ಮಾತನ್ನು ಗಂಟೆಗಟ್ಟಲೆ ಆಡುತ್ತಾರೆ. ಮನೆಯಲ್ಲಿ ಸಿಗದದ್ದು ಇದೇ. ಯಾವ ಕೋಣೆಯಲ್ಲಿ ಈ ನೋಡುವ ಕೆಲಸ ನಡೆಯುವುದಿಲ್ಲವೋ ಅದು ಬಾಡಿಗೆ ಕೊಟ್ಟು ಕೂರುವ ಇನ್ನೊಂದು ಮನೆ ಅಷ್ಟೇ. ಪಿರಿಯಾಪಟ್ಟಣದ ಆ ತಾಯಿ ಹೋದದ್ದು ಅಂಥ ಕೋಣೆಗೆ.

ಎರಡನೆಯದು ಮೂಳೆ ತಜ್ಞರ ಮತ್ತು ಫಿಸಿಯೋಥೆರಪಿಯ ಕೋಣೆ. ಇಲ್ಲಿ ಬಳಸುವುದು ಸುಮ್ಮನೆ ಕುಳಿತ ಅಯಸ್ಕಾಂತವನ್ನಲ್ಲ. ವಿದ್ಯುತ್ತು ಹರಿಸಿ ಮಿಡಿಸುವ ಕಾಂತಕ್ಷೇತ್ರವನ್ನು. ವ್ಯತ್ಯಾಸ ತಿಳಿಯಲು ಹಳೆಯ ಸೈಕಲ್ಲಿನ ಡೈನಮೋ ನೆನೆಯಿರಿ. ಅದರೊಳಗಿನ ಅಯಸ್ಕಾಂತ ಚಕ್ರದೊಡನೆ ತಿರುಗುವಾಗ ಮಾತ್ರ ದೀಪ ಉರಿಯುತ್ತದೆ. ಸೈಕಲ್ ನಿಂತರೆ ಅಯಸ್ಕಾಂತ ಅಲ್ಲಿಯೇ ಇದ್ದರೂ ದೀಪ ಆರುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ನಿಯಮವಿದು. ಬದಲಾಗುವ ಕಾಂತಕ್ಷೇತ್ರ ದೇಹದೊಳಗೂ ಸಣ್ಣ ವಿದ್ಯುತ್ತನ್ನು ಹುಟ್ಟಿಸುತ್ತದೆ. ಮುರಿದ ಮೂಳೆ ತಿಂಗಳುಗಟ್ಟಲೆ ಕೂಡದೆ ಉಳಿದಾಗ ಇಂಥ ಮಿಡಿಯುವ ಸಾಧನವನ್ನು ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1979ರಲ್ಲಿಯೇ ಒಪ್ಪಿಗೆ ಕೊಟ್ಟಿತು. ಸ್ವಾರಸ್ಯವೆಂದರೆ, ಈ ಸಾಧನವನ್ನು ರೋಗಿ ದಿನಕ್ಕೆ ಹಲವು ಗಂಟೆ ಕಟ್ಟಿಕೊಳ್ಳುವುದು ಮನೆಯಲ್ಲಿಯೇ! ಆದರೆ ಯಾವ ಮುರಿತಕ್ಕೆ, ಎಷ್ಟು ತಿಂಗಳು ಎಂದು ನಿರ್ಧರಿಸುವವರು ಮೂಳೆ ತಜ್ಞರು. ಫಲವನ್ನು ಅಳೆಯುವುದು ಎಕ್ಸ್‌ರೇ. ಮನೆ ಮತ್ತು ಕೋಣೆಯ ಜಗಳ ಇಲ್ಲಿ ತಾನಾಗಿ ಕರಗುತ್ತದೆ. ಇದೇ ಮಾದರಿಯ ಯಂತ್ರಗಳನ್ನು ಮಂಡಿನೋವಿಗೂ ಬಳಸುವುದುಂಟು; ಅಲ್ಲಿ ಅದರ ಫಲ ಅಷ್ಟು ಖಚಿತವಲ್ಲ. ವ್ಯಾಯಾಮ ಕಲಿಸದೆ ಯಂತ್ರವನ್ನಷ್ಟೇ ಹಚ್ಚಿ ಕಳಿಸುವವರನ್ನು ನಂಬಬೇಡಿ.

ಮೂರನೆಯದು ಮನೋವೈದ್ಯರ ಕೋಣೆ. ತಲೆಯ ಹತ್ತಿರ ತಂತಿಯ ಸುರುಳಿ ಹಿಡಿದು, ಎಂ.ಆರ್.ಐ. ಯಂತ್ರದಷ್ಟೇ ಬಲದ, ಆದರೆ ಕ್ಷಣದ ಸಾವಿರದಲ್ಲೊಂದು ಪಾಲೂ ಇರದ ಕಾಂತದ ಮಿಡಿತಗಳನ್ನು ಮಿದುಳಿನ ಗೊತ್ತಾದ ಜಾಗಕ್ಕೆ ಕೊಡುವ ಚಿಕಿತ್ಸೆಯಿದು. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಇದನ್ನು ಮೊದಲು ತೋರಿಸಿದರು. ಮಾತ್ರೆಗಳಿಗೆ ಬಗ್ಗದ ಖಿನ್ನತೆಗೆ ಇದನ್ನು ಬಳಸಲು ಅಮೆರಿಕದಲ್ಲಿ 2008ರಲ್ಲಿ ಒಪ್ಪಿಗೆ ದೊರೆಯಿತು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಈ ಚಿಕಿತ್ಸೆಯನ್ನು ಕೊಡುತ್ತದೆ. ಅಪರೂಪಕ್ಕೆ ಇದರಿಂದ ಫಿಟ್ಸ್ ಬರುವ ಸಂಭವವಿರುವುದರಿಂದ ಇದು ಆಸ್ಪತ್ರೆಯಲ್ಲಿಯೇ, ವೈದ್ಯರ ಎದುರಿನಲ್ಲಿಯೇ ಆಗಬೇಕು. ಇದರ ಹೆಸರು ಹೇಳಿಕೊಂಡು ಅಯಸ್ಕಾಂತದ ಟೋಪಿ ಮಾರುವವರಿಗೂ ಇದಕ್ಕೂ ಯಾವ ಸಂಬಂಧವಿಲ್ಲ. ಮನೆಯಲ್ಲಿ ಯಾರಾದರೂ ತಿಂಗಳುಗಟ್ಟಲೆ ಮಂಕಾಗಿ, ಊಟ ನಿದ್ದೆ ಬಿಟ್ಟು, ಬದುಕು ಬೇಡವೆಂದು ಆಡಿದರೆ ಟೋಪಿಯನ್ನು ಹುಡುಕುತ್ತ ಒಂದು ದಿನವನ್ನೂ ಕಳೆಯಬೇಡಿ. ಮೊದಲು ತಾಲ್ಲೂಕು ಆಸ್ಪತ್ರೆಯ ವೈದ್ಯರ ಬಳಿ ಕರೆದೊಯ್ಯಿರಿ.

ಹತ್ತಿರ ಬಿಡಬಾರದ ಕಡೆಗಳು

ಎದೆಯಲ್ಲಿ ಪೇಸ್‌ಮೇಕರ್ ಅಳವಡಿಸಿಕೊಂಡು ಬಂದವರು ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿದ್ದಾರೆ. ಅಯಸ್ಕಾಂತ ಹತ್ತಿರ ಬಂದರೆ ಆ ಯಂತ್ರ ಹೃದಯದ ಬಡಿತವನ್ನು ಗಮನಿಸುವುದನ್ನು ಬಿಟ್ಟು ಒಂದೇ ಗತಿಯಲ್ಲಿ ಮಿಡಿಯತೊಡಗುತ್ತದೆ. ಹೃದಯ ತಪ್ಪಿದಾಗ ಆಘಾತ ಕೊಟ್ಟು ಉಳಿಸುವ ಯಂತ್ರವಾದರೆ ಆ ಆಘಾತವನ್ನೇ ತಡೆಹಿಡಿಯುತ್ತದೆ. ಹಾಸಿಗೆ, ಮಾಲೆ, ಬಳೆ ಇವರಿಗೆ ಯಾವುದೂ ಬೇಡ. ಅದೇ ಮನೆಯಲ್ಲಿ ಅದೇ ಮಂಚದ ಮೇಲೆ ಮಲಗುವ ಇನ್ನೊಬ್ಬರಿಗೂ ಬೇಡ. ಹೊಸ ಮೊಬೈಲುಗಳಲ್ಲಿಯೂ ಅಯಸ್ಕಾಂತಗಳಿರುವುದರಿಂದ ಫೋನನ್ನು ಅಂಗಿಯ ಎದೆಜೇಬಿನಲ್ಲಿಡದೆ ಯಂತ್ರದಿಂದ ಒಂದು ಗೇಣಿನಷ್ಟಾದರೂ ದೂರವಿಡಿ. ಕಿವಿಯೊಳಗೆ ಶ್ರವಣಯಂತ್ರ ನೆಟ್ಟ ಮಕ್ಕಳಿಗೂ, ಇನ್ಸುಲಿನ್ ಪಂಪ್ ಧರಿಸಿದವರಿಗೂ ಇದೇ ಎಚ್ಚರಿಕೆ. ಎಂ.ಆರ್.ಐ.ಗೆ ಹೋಗುವಾಗ ಪಟ್ಟಿ, ಮಾಲೆಗಳನ್ನು ಮನೆಯಲ್ಲಿಯೇ ಬಿಟ್ಟು ಹೋಗಿ.

ಪಟ್ಟಿ ಹರಿದು ಉದುರುವ ಸಣ್ಣ, ಹೊಳೆಯುವ, ಅತಿ ಬಲದ ಗುಂಡಿಗಳು ಮಕ್ಕಳ ಬಾಯಿಗೆ ಹೋಗುವುದು ಎಲ್ಲಕ್ಕಿಂತ ಭೀಕರ. ಒಂದನ್ನು ನುಂಗಿದರೆ ಬಹುಶಃ ಹೊರಗೆ ಬಂದೀತು. ಎರಡನ್ನು ನುಂಗಿದರೆ ಅವು ಕರುಳಿನ ಎರಡು ಮಡಿಕೆಗಳಿಂದ ಒಂದನ್ನೊಂದು ಹಿಡಿದು, ನಡುವಿನ ಕರುಳಿನ ಗೋಡೆಯನ್ನು ಕೊಳೆಯಿಸಿ ತೂತು ಮಾಡುತ್ತವೆ. ಮಗು ಮೊದಲ ದಿನ ಆಡಿಕೊಂಡೇ ಇರಬಹುದು. ಆಗಲೇ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ನೋವಿನಲ್ಲಿಯೇ ಕೆಲವು ಬಗೆಗಳಿಗೆ ಪಟ್ಟಿ ಕಟ್ಟಿಕೊಂಡು ಕಾಯುವ ಸಮಯವಿರುವುದಿಲ್ಲ. ಸೊಂಟನೋವಿನ ಜೊತೆ ಮೂತ್ರ, ಮಲದ ಹಿಡಿತ ತಪ್ಪಿದರೆ, ಕಾಲು ಸೋತು ಎಳೆಯತೊಡಗಿದರೆ, ಮಂಡಿ ಕೆಂಪಾಗಿ ಕಾದು ಜ್ವರ ಬಂದರೆ, ಒಂದೇ ಕಾಲು ಇದ್ದಕ್ಕಿದ್ದಂತೆ ಊದಿದರೆ, ಎಡಭುಜದ ನೋವಿನೊಡನೆ ಎದೆ ಹಿಡಿದು ಬೆವರಿದರೆ ಆ ಕ್ಷಣವೇ ಆಸ್ಪತ್ರೆ. ಅಯಸ್ಕಾಂತವನ್ನು ನಂಬಿ ರಕ್ತದೊತ್ತಡದ, ಸಕ್ಕರೆಯ ಮಾತ್ರೆಗಳನ್ನು ನಿಲ್ಲಿಸುವುದು ಇನ್ನೊಂದು ಅಪಾಯ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಮಾತ್ರೆಗಳು ಉಚಿತ. ಉಚಿತವೆಂದೇ ಕೆಲವರಿಗೆ ಅವುಗಳ ಮೇಲೆ ಗೌರವ ಕಡಿಮೆಯೆಂದು ನಮಗೆ ಅನುಮಾನ.

ಮಾರುವವರ ಬಗ್ಗೆ ಎರಡು ಮಾತು. ಮಧುಮೇಹ, ರಕ್ತದೊತ್ತಡ, ಪಾರ್ಶ್ವವಾಯು, ಕ್ಯಾನ್ಸರ್ ಮೊದಲಾದ ಕಾಯಿಲೆಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ನೇರ ಮಾರಾಟದ 2021ರ ನಿಯಮಗಳ ಪ್ರಕಾರ ಮನೆ ಬಾಗಿಲಿಗೆ ಬರುವ ಮಾರಾಟಗಾರ ಗುರುತಿನ ಚೀಟಿ ತರಬೇಕು, ಮೊದಲೇ ಒಪ್ಪಿಗೆ ಪಡೆದು ಬರಬೇಕು. ಜನರನ್ನು ಸರಪಳಿಯಂತೆ ಸೇರಿಸಿ ಹಣ ಮಾಡುವ ಯೋಜನೆಗೆ ಅವಕಾಶವಿಲ್ಲ. ಚಿಕಿತ್ಸೆ ಕೊಡುವ ಖಾಸಗಿ ಸಂಸ್ಥೆ 2007ರ ಕರ್ನಾಟಕ ಕಾಯ್ದೆಯಡಿ ನೋಂದಣಿಯಾಗಿರಬೇಕು. ಪ್ರಮಾಣಪತ್ರ ತೋರಿಸಿ ಎಂದು ಕೇಳಲು ಸಂಕೋಚಪಡಬೇಡಿ. ಮೋಸ ಹೋದವರು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಮಾರಲು ಬರುವವರು ಹಲವು ಸಲ ನಮ್ಮ ನಂಟರೇ ಆಗಿರುತ್ತಾರೆ ಎಂಬುದೂ ನಿಜ. ಅಕ್ಕನ ಮಗ ತಂದ ಹಾಸಿಗೆಯನ್ನು ಬೇಡವೆನ್ನುವುದು ಎಷ್ಟು ಕಷ್ಟವೆಂಬುದು ನಮಗೂ ಗೊತ್ತು.

ಮಂಡಿಗೆ ಖಚಿತವಾಗಿ ಒಳಿತು ಮಾಡುವುದೇನೆಂದು ಕೇಳಿದವರಿಗೆ ನಾವು ಹೇಳುವುದು ಇದು. ಕಾಲು ನೀಡಿ ಕುಳಿತು, ಮಂಡಿಯ ಕೆಳಗೆ ಸುತ್ತಿದ ಟವಲು ಇಟ್ಟು, ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸುವವರೆಗೆ ಹಿಡಿದು ಬಿಡಿ. ಹೀಗೆ ಹತ್ತು ಸಲ, ಬೆಳಿಗ್ಗೆ ಸಂಜೆ. ತೊಡೆಯ ಸ್ನಾಯು ಬಲಿತಷ್ಟೂ ಮಂಡಿಯ ಭಾರ ಇಳಿಯುತ್ತದೆ. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು ಅಳೆದು ನೋಡಿದವರು ಹೇಳಿದ್ದಾರೆ. ಬ್ಯಾರನ್ನಿನ ಒಲೆಯ ಮುಂದೆ ಕುಕ್ಕರುಗಾಲು ಬಿಟ್ಟು ಒಂದು ಎತ್ತರದ ಮಣೆಯ ಮೇಲೆ ಕುಳಿತರೂ ಬಹಳ ವ್ಯತ್ಯಾಸವಾಗುತ್ತದೆ.

ಪಿರಿಯಾಪಟ್ಟಣದ ಆ ತಾಯಿಯ ಹುಣ್ಣು ಮಾಯಲು ಎರಡು ತಿಂಗಳಿಗೂ ಮೀರಿ ಹಿಡಿಯಿತು. ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಆಯಿತು. ಮೂಳೆಗೆ ತಾಗುವ ಮೊದಲೇ ಸಿಕ್ಕಿದ್ದರಿಂದ ಬೆರಳು ಉಳಿಯಿತೆಂದು ವೈದ್ಯರು ಹೇಳಿದರು. ಮುಳ್ಳುಮಣೆ ಅಟ್ಟ ಸೇರಿದೆ. ಮಂಡಿಪಟ್ಟಿಯನ್ನು ಅವರು ಈಗಲೂ ಕಟ್ಟಿಕೊಳ್ಳುತ್ತಾರೆ, "ಬೆಚ್ಚಗಿರ್ತದೆ" ಎನ್ನುತ್ತಾರೆ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ದಿನವೂ ಮಲಗುವ ಮುನ್ನ ಮೊಮ್ಮಗಳು ಅವರ ಅಂಗಾಲುಗಳನ್ನು ದೀಪದ ಬೆಳಕಿನಲ್ಲಿ ನೋಡುತ್ತಾಳೆ.

ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿರುವ ಭಕ್ತರಿಗೆ ಒಂದು ಸೂಚನೆ. ಬೇಸಿಗೆಯ ಮಧ್ಯಾಹ್ನ ಮಠದ ಅಂಗಳದ ಕಲ್ಲು ಬಹಳ ಕಾಯುತ್ತದೆ. ಬರಿಗಾಲಿನಲ್ಲಿ ನಡೆದು ಅಂಗಾಲು ಬೊಬ್ಬೆಯೆದ್ದರೂ ನಿಮಗೆ ತಿಳಿಯದೇ ಹೋಗಬಹುದು. ದಪ್ಪ ಹತ್ತಿಯ ಕಾಲ್ಚೀಲ ತೊಟ್ಟು ಗದ್ದುಗೆಯ ದರ್ಶನಕ್ಕೆ ಬರಲು ಸಂಕೋಚಪಡಬೇಡಿ. ಬಿಸಿಲಿಳಿದ ಮೇಲೆ ಬಂದರೆ ಇನ್ನೂ ಒಳ್ಳೆಯದು.